ವಾರಿಗಿಯಾಳ ಡಬ್ಬಿ

ವಾರಿಗಿಯಾ ಚರ್ಚಿನಲ್ಲಿ ಕೂತದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಮೂವತ್ತು ವರ್ಷ ಬೆನ್ನಿಗೆ ಬುಟ್ಟಿ ಹೊತ್ತು ಚಹಾ ಎಲೆ ಕಿತ್ತವಳು, ಏಳು ಹೆತ್ತವಳು, ಎರಡು ಗಂಟೆಯ ಪ್ರಾರ್ಥನೆಯುದ್ದಕ್ಕೂ ಹಿಂದಿನ ಗೋಡೆಗೆ ಒರಗಿ ನಿಂತೇ ಇರುತ್ತಿದ್ದಳು. ಬೆಂಚಿಗೆ ಜೋತುಬೀಳುವ ಹುಡುಗಿಯರಿಗೆ ನಾನೇ ಗದರಿದ್ದುಂಟು: "ಆ ಅಜ್ಜೀನ ನೋಡಿ ಕಲೀರಿ. ಭಕ್ತಿ ಅಂದ್ರೆ ಅದು."

ನಾನು ಊರಿನ ಆರೋಗ್ಯ ಕಾರ್ಯಕರ್ತೆ. ಎಲ್ಲ ಗೊತ್ತು ಎಂಬ ಜಂಬ ನನಗೆ ಮೊದಲಿಂದಲೂ ಇದೆ.

ಕಳೆದ ವರ್ಷ ನೈರೋಬಿಯಿಂದ ಸಂಶೋಧನೆಯವರು ಬಂದರು. ಹೆಂಗಸರಿಗೆ ಮೂತ್ರಕೋಶದ ತೊಂದರೆ ಬಲಿಯುವ ಮೊದಲೇ ತಡೆಯುವುದು ಹೇಗೆ ಎಂದು ತಿಳಿಯಬೇಕಂತೆ. ನಲವತ್ತರೊಳಗಿನ ತೋಟದ ಹೆಂಗಸರು ಬೇಕು ಎಂದರು. ವಾರಿಗಿಯಾಳ ಸೊಸೆ ಗಥೋನಿ ಸೇರಿದಳು. ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋದೆ ಎಂದು ಬರೆದಿಡಬೇಕಿತ್ತು; ಓದು ಬರಹ ಬಾರದವಳಿಗೆ ನಾನೇ ಉಪಾಯ ಹೇಳಿದೆ. ಒಮ್ಮೆ ಹೋದರೆ ಡಬ್ಬಿಗೊಂದು ಮೆಕ್ಕೆಜೋಳದ ಕಾಳು. ಹೋಗುವಷ್ಟರಲ್ಲಿ ಬಟ್ಟೆ ಒದ್ದೆಯಾದರೆ ಒಂದು ಹುರುಳಿಕಾಯಿ ಬೀಜ. ವಾರಕ್ಕೊಮ್ಮೆ ನಾನು ಎಣಿಸಿ ಬರೆದುಕೊಳ್ಳುತ್ತೇನೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ನಮ್ಮ ಕಡೆ ಜೋಳ, ಬೀಜ ಒಟ್ಟಿಗೆ ಕಂಡರೆ ಯಾರಿಗಾದರೂ ಗಿಥೇರಿಯೇ ನೆನಪಾಗುವುದು. ಎರಡನ್ನೂ ಸೇರಿಸಿ ಬೇಯಿಸಿದರೆ ಅದೇ ನಮ್ಮ ಊಟ. ಒಂದು ಮಧ್ಯಾಹ್ನ ಚರ್ಚಿನ ಹಿರಿಯರು ಹೇಳದೆ ಕೇಳದೆ ಬಂದರು. ಮಡಕೆಗೆ ಕಾಳು ಸಾಲದೆ ವಾರಿಗಿಯಾ ಗೂಡಿನಲ್ಲಿದ್ದ ಡಬ್ಬಿಯನ್ನೂ ಸುರಿದಳು.

ನಾನು ಎಣಿಸಲು ಹೋದಾಗ ಗಥೋನಿ ಖಾಲಿ ಡಬ್ಬಿ ಹಿಡಿದು ಅಳುತ್ತಿದ್ದಳು. "ಅತ್ತೆ, ಅದು ನಾನು ಉಚ್ಚೆಗೆ ಹೋದ ಲೆಕ್ಕ."

"ಅಯ್ಯೋ ನಿನ್ನ," ಎಂದಳು ವಾರಿಗಿಯಾ. "ಹಿರಿಯರು ಎರಡೆರಡು ಸಲ ಬಡಿಸ್ಕೊಂಡು ತಿಂದ್ರಲ್ಲೇ."

ನಾನು ನಕ್ಕೆ, ವಾರಿಗಿಯಾಳೂ ನಕ್ಕಳು. ಆಮೇಲೆ ಬೀಜದ ಅರ್ಥವನ್ನೂ ಬಿಡಿಸಿ ಹೇಳಿದೆ. ಅವಳ ನಗು ನಿಂತಿತು.

"ವಾರಕ್ಕೆ ಎಷ್ಟು ಬೀಜ ಬೀಳ್ತಿತ್ತು ಇವಳಿಗೆ?"

"ಮೂರು, ನಾಲ್ಕು."

"ನಂಗೊಂದು ಡಬ್ಬಿ ಇಟ್ರೆ ಅದ್ರಲ್ಲಿ ಜೋಳವೇ ಇರಲ್ಲ ಕಣೆ. ಬರೀ ಬೀಜ. ಕೊನೇದು ಹೆತ್ತಾಗಿಂದ."

ಗೋಡೆಗೆ ಒರಗಿದ ಆ ಭಕ್ತಿ ಏನೆಂದು ಆಗ ತಿಳಿಯಿತು. ನನಗೆ ನಾಚಿಕೆಯಾಯಿತು.

"ಆಸ್ಪತ್ರೆಗೆ ಹೋಗೋಣ," ಎಂದೆ.

"ಹೋಗಿದ್ದೆ. ಇಷ್ಟು ಹೆತ್ತ ಮೇಲೆ ಇದು ಇದ್ದದ್ದೇ ಅಂತ ವಾಪಸ್ ಕಳಿಸಿದ್ರು. ಈ ನೈರೋಬಿಯವ್ರಿಗೆ ಹೇಳು, ನನ್ನನ್ನೂ ಸೇರಿಸ್ಕೊಳ್ಳಲಿ."

ಫೋನು ಮಾಡಿ ಕೇಳಿದೆ. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಇದು ಇನ್ನೂ ಪೂರ್ತಿ ಕೆಡದವರನ್ನು ಕಾಪಾಡುವ ಅಧ್ಯಯನ, ಅರವತ್ತು ದಾಟಿದವರಿಗೆ ಇದರಲ್ಲಿ ಜಾಗವಿಲ್ಲ, ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದಳು. ವಾರಿಗಿಯಾಳಿಗೆ ಹಾಗೆಯೇ ಹೇಳಿದೆ.

"ಅಲ್ಲಿಗೆ ಮೂರು ಗಂಟೆ ಬಸ್ಸು," ಎಂದಳು. "ಬಸ್ಸಲ್ಲಿ ಕೂತ್ಕೋಬೇಕಲ್ಲ."

ಮುಂದಿನ ವಾರ ಗಥೋನಿಯ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇತ್ತು. ವಾರಿಗಿಯಾ ಅದನ್ನು ಎರಡೂ ಕೈಯಲ್ಲಿ ತಂದು ನನ್ನ ಮುಂದಿಟ್ಟಳು.

"ಎಣಿಸು."

"ಅಜ್ಜಿ, ನನ್ನ ಕಾಗದದಲ್ಲಿ ನಿಮ್ಮ ಹೆಸರಿಲ್ಲ."

"ಹೆಸರು ಯಾರು ಕೇಳಿದ್ರು? ಎಣಿಸು ಅಂದೆ."

ಮಡಿಲಿಗೆ ಸುರಿದುಕೊಂಡು ಗಟ್ಟಿಯಾಗಿ ಎಣಿಸಿದೆ. ಅರವತ್ತೆರಡು. ಎಲ್ಲವೂ ಬೀಜ. ತನ್ನ ಮನೆಯಲ್ಲೇ ನಿಂತುಕೊಂಡು ಅವಳು ಕೇಳಿಸಿಕೊಂಡಳು.

ಈಗಲೂ ಪ್ರತಿ ವಾರ ಎರಡು ಡಬ್ಬಿ ಎಣಿಸುತ್ತೇನೆ. ಒಂದರ ಲೆಕ್ಕ ನೈರೋಬಿಗೆ ಹೋಗುತ್ತದೆ.