ಗಂಡ ಇಲ್ಲದಿದ್ದರೆ ಹತ್ತು ಅಂಕ

ಬಾಯ್ಲರ್ ತಯಾರಿಸುವ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಒಬ್ಬ ಗುಮಾಸ್ತನಿದ್ದ. ಇದ್ದ ಏನು, ಈಗಲೂ ಇದ್ದಾನೆ. ಈ ಸಾಲುಗಳನ್ನು ಬರೆಯುತ್ತಿರುವ ಮಹಾನುಭಾವ ಅವನೇ. ವೆಲ್ಡಿಂಗ್ ಶೆಡ್ಡಿನ ಏಕೈಕ ಹೆಣ್ಣು ವೆಲ್ಡರ್ ಒಂದು ಸೋಮವಾರ ಎಡಗಣ್ಣು ಊದಿಸಿಕೊಂಡು ಬಂದಾಗ, ವೆಲ್ಡಿಂಗ್ ಬೆಳಕು ಹೊಡೆದು ಹಾಗಾಗಿದೆ ಎಂದು ತಿಳಿದು ಅವನು ಅಪಘಾತ ವರದಿ ಬರೆದ. ಮುಂದಿನ ತಿಂಗಳು ಅವಳ ತುಟಿ ಸೀಳಿತ್ತು. ಕಬ್ಬಿಣದ ಚೂರು ಸಿಡಿದಿರಬೇಕು ಎಂದು ಇನ್ನೊಂದು ವರದಿ. ಮೂರನೆಯ ಸಲ ಕತ್ತಿನ ಮೇಲೆ ಸಾಲಾಗಿ ನಾಲ್ಕು ಬೆರಳು, ಆಚೆ ಕಡೆ ಒಂದು ಹೆಬ್ಬೆರಳು ಮೂಡಿತ್ತು. ಕೈಯ ಆಕಾರದಲ್ಲಿ ಹಾರುವ ಕಿಡಿ ಲೋಕದಲ್ಲಿ ಎಲ್ಲಾದರೂ ಉಂಟೇ ಎಂದು ಯೋಚಿಸುವಷ್ಟು ಬುದ್ಧಿ ಅವನಿಗಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿಯವನು. ಶೆಡ್ಡಿನ ಗೋಡೆಗೆ ಕೆಂಪಕ್ಷರದಲ್ಲಿ, "ಕಾರ್ಮಿಕರು ಮುಖಕವಚವನ್ನು ಕಡ್ಡಾಯವಾಗಿ ಧರಿಸತಕ್ಕದ್ದು" ಎಂದು ಫಲಕ ಹಾಕಿಸಿದ. ಹೊಸ ಮುಖಕವಚವೊಂದನ್ನು ಸ್ವತಃ ತಂದು ಅವಳ ಕೈಗಿಟ್ಟ.

ಅವಳು ಫಲಕ ಓದಿದಳು. ಕವಚವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ತಮ್ಮಾ, ಇದನ್ನ ಮನೆಗೆ ತಗೊಂಡು ಹೋಗಬಹುದಾ?"

"ಮನೇಲಿ ಯಾಕಕ್ಕಾ?"

"ಅಪಘಾತ ಆಗೋದು ಅಲ್ಲೇ ಅಲ್ವಾ."

ಶೆಡ್ಡಿನವರು ಅವಳನ್ನು ಕಿಡಿ ಎಂದು ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಸೊಂಟಕ್ಕೆ ಕೈ ಹಾಕಿದ ಫಿಟ್ಟರನಿಗೆ ಅವಳು ಪೈಪಿನ ತುಂಡಿನಿಂದ ಕೊಟ್ಟ ಏಟಿಗೆ ಅವನ ಮುಂದಿನ ಹಲ್ಲು ಗ್ರೈಂಡರಿನ ಕೆಳಗೆ ಹೋಗಿ ಬಿದ್ದಿತ್ತು. ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಉರುಳಿಸಿಕೊಂಡು ಬರುವ ತೋಳು ಅವಳದು. ಆದರೆ ಆ ತೋಳು ಮನೆಯ ಹೊಸ್ತಿಲು ದಾಟುತ್ತಲೇ ಯಾರದೋ ಆಗಿಬಿಡುತ್ತಿತ್ತು.

ಗಂಡ ಒಂದು ಬಾರಿನ ಬಾಗಿಲು ಕಾಯುವವನು. ಕುಡಿದು ಗಲಾಟೆ ಮಾಡುವವರನ್ನು ಎತ್ತಿ ಹೊರಗೆ ಹಾಕುವುದಕ್ಕೆ ಅವನಿಗೆ ಸಂಬಳ ಬರುತ್ತಿತ್ತು. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದ. ಪಳಗಿದ ಕೈ, ಎಲ್ಲಿ ಹೊಡೆದರೆ ಉಸಿರು ಕಟ್ಟುತ್ತದೆ, ಎಲ್ಲಿ ಹೊಡೆದರೆ ಕಾಲು ಕುಸಿಯುತ್ತದೆ ಎಲ್ಲ ಬಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಪಕ್ಕೆಗೆ, ಬಾಗಿಲು ತೆಗೆಯುವುದು ತಡವಾದರೆ ಬೆನ್ನಿಗೆ. ಎರಡು ಸಲ ಅವಳು ಅಣ್ಣನ ಮನೆಗೆ ಹೋದಳು. ಎರಡು ಸಲವೂ ಅಣ್ಣ ತನ್ನ ಸ್ಕೂಟರಿನಲ್ಲೇ ಕೂರಿಸಿಕೊಂಡು ಬಂದು ಬಾಗಿಲಿಗೆ ಬಿಟ್ಟು ಹೋದ. ಅತ್ತೆ ಒಳಗಿನಿಂದಲೇ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಪ್ಪಾ, ನೀನ್ಯಾಕೆ ಪೆಟ್ರೋಲ್ ಸುಡ್ತೀಯ?" ಎಂದಳು. ಹೀಗೆ ಎಂಟು ವರ್ಷ ಉಂಡರು, ಮಲಗಿದರು.

ವೀಸಾ ವಿಷಯ ಅವಳ ತಲೆಗೆ ಹೊಕ್ಕಿದ್ದು ಗುಮಾಸ್ತನಿಂದ. ಹೊರದೇಶವೊಂದು ಕಸುಬು ಗೊತ್ತಿರುವವರನ್ನು ಅಂಕ ಹಾಕಿ ಕರೆಸಿಕೊಳ್ಳುತ್ತದೆ ಎಂದು ಓದಿ, ಅವನು ಮೊದಲು ತನ್ನದೇ ಲೆಕ್ಕ ಹಾಕಿಕೊಂಡಿದ್ದ. ಅರವತ್ತೈದು ಬೇಕಾದಲ್ಲಿ ಅವನಿಗೆ ಬಂದದ್ದು ನಲವತ್ತು. ಬೇಕಾದ ಕಸುಬುಗಳ ಪಟ್ಟಿಯಲ್ಲಿ ಗುಮಾಸ್ತ ಎಂಬ ಪದವೇ ಇರಲಿಲ್ಲ. ಅಂಥವರು ಅಲ್ಲೂ ಬೇಕಾದಷ್ಟು ಬಿದ್ದಿದ್ದಾರೆಂದು ಕಾಣುತ್ತದೆ. ಆದರೆ ವೆಲ್ಡರ್ ಎಂಬುದು ಪಟ್ಟಿಯ ಮೇಲೆಯೇ ಕೂತಿತ್ತು. ಊಟದ ಬಿಡುವಿನಲ್ಲಿ ಅವಳನ್ನು ಕರೆದು ಕೂರಿಸಿದ.

"ವಯಸ್ಸು ಎಷ್ಟಕ್ಕಾ?"

"ಮೂವತ್ತಮೂರು. ಪಕ್ಕೆ ಮುಟ್ಟಿ ನೋಡಿದ್ರೆ ಎಂಬತ್ತು."

ವಯಸ್ಸಿಗೆ ಇಪ್ಪತ್ತೈದು. ಹನ್ನೊಂದು ವರ್ಷದ ಕೆಲಸಕ್ಕೆ ಹದಿನೈದು. ಅವರ ಪರೀಕ್ಷಕನ ಎದುರು ವೆಲ್ಡಿಂಗ್ ಮಾಡಿ ತೋರಿಸಿ ಪಾಸಾದರೆ ಹತ್ತು. ಅವರ ಭಾಷೆಯ ಪರೀಕ್ಷೆ ಪಾಸಾದರೆ ಇನ್ನೊಂದು ಹತ್ತು. ಕೂಡಿದರೆ ಅರವತ್ತು. ಐದು ಕಡಿಮೆ. ಗುಮಾಸ್ತ ಪಟ್ಟಿಯ ಕೊನೆಯ ಸಾಲು ಓದಿದ: "ಭಾಷೆ ಬರುವ ಗಂಡನಿದ್ದರೆ ಐದು. ಭಾಷೆ ಬಾರದ ಗಂಡನಿದ್ದರೆ ಸೊನ್ನೆ. ಗಂಡನೇ ಇಲ್ಲದಿದ್ದರೆ ಹತ್ತು."

"ಇನ್ನೊಂದ್ಸಲ ಓದು."

ಓದಿದ.

"ಅಂದ್ರೆ ನನ್ನ ಗಂಡ ಸೊನ್ನೆ ಅಂತ ಒಂದು ಸರ್ಕಾರಾನೇ ಬರೆದಿಟ್ಟಿದೆ ಅನ್ನು."

ಅವಳು ನಕ್ಕಳು. ಆದರೆ ಅವಳ ಮನಸ್ಸಿನಲ್ಲಿ ಆಗ ಹತ್ತು ಇರಲಿಲ್ಲ, ಐದೇ ಇದ್ದದ್ದು. ಅವನೂ ಭಾಷೆ ಕಲಿತರೆ ಇಬ್ಬರೂ ಹೋಗಬಹುದು. ಊರು ಬದಲಾದರೆ ಮನುಷ್ಯನೂ ಬದಲಾದಾನು. ಹಾಗೆಂದುಕೊಂಡು ಅವಳು ನಿಘಂಟು ಕೊಂಡಳು. ತನ್ನ ಪಾಠವನ್ನು ಶೆಡ್ಡಿನಲ್ಲಿ ಮುಖಕವಚದ ಒಳಗೇ ಗೊಣಗುತ್ತಿದ್ದಳು; ಅಲ್ಲಿ ತುಟಿ ಆಡುವುದು ಯಾರಿಗೂ ಕಾಣದು. ನಾಲ್ಕು ತಿಂಗಳಲ್ಲಿ ಭಾಷಾ ಪರೀಕ್ಷೆ ಪಾಸಾದಳು. ಗಂಡನಿಗೆ ಭಾನುವಾರ ಮಧ್ಯಾಹ್ನ ಅವಳೇ ಪಾಠ ಹೇಳುತ್ತಿದ್ದಳು. ಮೂರು ಭಾನುವಾರ ಅವನು ಕೂತ. ನಾಲ್ಕನೆಯ ಭಾನುವಾರ ಒಂದೇ ಪದವನ್ನು ಐದನೆಯ ಸಲ ತಪ್ಪಿದಾಗ ಅವಳು ತಿದ್ದಿದಳು.

"ನಂಗೆ ಮೇಷ್ಟ್ರಾಗ್ತೀಯೇನೇ?" ಎಂದವನು ನಿಘಂಟನ್ನು ಎರಡು ಕೈಯಲ್ಲಿ ಎತ್ತಿ ಅವಳ ಬಾಯಿಗೆ ಅಪ್ಪಳಿಸಿದ. ಒಂದು ಭಾಷೆಯಲ್ಲಿ ಅಷ್ಟು ಪದಗಳಿರುವುದು ಎಂಥ ತೂಕ ಎಂದು ಅವಳಿಗೆ ಅಂದು ಗೊತ್ತಾಯಿತು. ಕೆಳಗಿನ ಹಲ್ಲೆರಡು ಅಲುಗಾಡಿದವು. ಅತ್ತೆ ಅಡುಗೆಮನೆಯಿಂದ ಹೊರಬಂದು, ರಕ್ತ ಬಿದ್ದ ಚಾಪೆಯನ್ನು ಸುತ್ತಿಟ್ಟು ಒಳಗೆ ಹೋದಳು.

ಕೈಯಿಂದ ವೆಲ್ಡಿಂಗ್ ಮಾಡಿ ತೋರಿಸುವ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಅಷ್ಟರಲ್ಲಿ ಅವಳ ಊಟದ ಚೀಲದಲ್ಲಿದ್ದ ಕಾಗದ ಗಂಡನ ಕೈಗೆ ಸಿಕ್ಕಿತು. ಸುರಕ್ಷತಾ ವಿಭಾಗದ ಮೊಹರಿದ್ದ ಹಾಳೆಯಲ್ಲಿ ಗುಮಾಸ್ತ ಬರೆದುಕೊಟ್ಟಿದ್ದ ಅಂಕಪಟ್ಟಿ. ಅಚ್ಚುಕಟ್ಟು ಅವನ ಹುಟ್ಟುಗುಣ ನೋಡಿ, 'ಗಂಡ: 0', 'ಗಂಡ ಇಲ್ಲ: 10' ಎಂಬೆರಡು ಸಾಲಿಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದ.

ಗಂಡ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸಿತು.

"ಪರೀಕ್ಷೇಲಿ ಯಾವ ಕೈ ಬೇಕು?"

"ಎರಡೂ ಬೇಕು ರೀ."

"ಬಲಗೈ ಏನ್ಮಾಡುತ್ತೆ?"

"ಬೆಸೆಯೋ ಟಾರ್ಚ್ ಹಿಡಿಯುತ್ತೆ. ಎಡಗೈ ಕರಗೋ ತಂತಿ ತಳ್ಳುತ್ತೆ."

ಅವನು ಅವಳ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಬೀರುವಿನ ಬಾಗಿಲ ಸಂದಿಗೆ ಒತ್ತಿದ. ಬಾಗಿಲನ್ನು ಬೆನ್ನಿನಿಂದ ದೂಡಿದ, ಒಮ್ಮೆ, ಇನ್ನೊಮ್ಮೆ. ಒಣಸೌದೆ ಮುರಿದಂಥ ಸದ್ದು ಎರಡು ಸಲ ಕೇಳಿಸಿತು. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತೇ ಹೊರತು ಮನುಷ್ಯರು ಯಾರೂ ಏನೂ ಕೇಳಲಿಲ್ಲ.

"ಈಗ ಹಾಕಿಸ್ಕೊ ಅಂಕ," ಎಂದು ಅವನು ಹೊರಟ. "ಈ ಅಕ್ಷರ ಬರೆದವನನ್ನೂ ನೋಡ್ಕೊಂಡು ಬರ್ತೀನಿ."

ಮಧ್ಯಾಹ್ನ ಎರಡೂವರೆಗೆ ಸುರಕ್ಷತಾ ವಿಭಾಗದ ಬಾಗಿಲು ಒದೆತಕ್ಕೆ ತೆರೆದುಕೊಂಡಿತು. ಗುಮಾಸ್ತ ಧೈರ್ಯದಿಂದ ಎದುರಿಸಿದ ಎಂದು ಬರೆಯಲು ಆಸೆಯಿದೆ. ಅವನು ಮೇಜಿನ ಕೆಳಗೆ ನುಗ್ಗಿದ್ದ. ಗಂಡ ಕಾಲರಿಗೆ ಕೈ ಹಾಕಿ ಎಳೆದು, ಅವನ ಮುಖವನ್ನು ಮೇಜಿಗೆ ಮೂರು ಸಲ ಬಡಿದ. ಮೂರನೆಯದಕ್ಕೆ ಒಂದು ಹಲ್ಲು ಅಪಘಾತ ವರದಿಗಳ ಕಡತದ ಮೇಲೆ ಹೋಗಿ ಕೂತಿತು. ಶೆಡ್ಡಿನವರು ಬಾಗಿಲಲ್ಲಿ ಗುಂಪಾದರು. ಯಾರೂ ಒಳಗೆ ಬರಲಿಲ್ಲ.

ಬಂದವಳು ಕಿಡಿ. ಗಂಡನ ಹಿಂದೆಯೇ ಆಟೋ ಹಿಡಿದು ಬಂದಿದ್ದಳು. ಎಡಗೈಗೆ ಟವೆಲು ಸುತ್ತಿತ್ತು, ಬಲಗೈಯಲ್ಲಿ ವೆಲ್ಡಿಂಗ್ ಕರಕಲು ಬಡಿಯುವ ಚೂಪು ಸುತ್ತಿಗೆ ಇತ್ತು. ಗುಂಪು ಎರಡು ಹೋಳಾಗಿ ದಾರಿ ಬಿಟ್ಟಿತು. ಅವಳು ಸುತ್ತಿಗೆ ಎತ್ತಿದಳು. ಗಂಡನ ಹಣೆಗೂ ಅದಕ್ಕೂ ಒಂದು ಗೇಣು.

"ಇದ್ರಲ್ಲಿ ಒಂದೇ ಏಟು ಹಾಕಿದ್ರೆ ನಿಮ್ಗೆ ತಲೆ ಇರಲ್ಲ," ಎಂದಳು. "ನಂಗೆ ಪೊಲೀಸರ ನಡತೆ ಸರ್ಟಿಫಿಕೇಟ್ ಇರಲ್ಲ. ಅದಿಲ್ದೆ ವೀಸಾ ಕೊಡಲ್ವಂತೆ."

ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು. ಬರಿಗೈಯಾದದ್ದು ಕಂಡು ಅವನು ಹೊಟ್ಟೆಗೆ ಒದ್ದ. ಅವಳು ಮಡಚಿಕೊಂಡು ಬಿದ್ದಳು. ಬಿದ್ದಲ್ಲಿಂದಲೇ ಗುಂಪಿನತ್ತ ನೋಡಿ, "ನೋಡಿದ್ರಲ್ಲ? ಎಲ್ರೂ ನೋಡಿದ್ರಲ್ಲ? ಹೇಳ್ತೀರಲ್ಲ?" ಎಂದಳು. ಆಗ ಮೊದಲು ಮುನ್ನುಗ್ಗಿ ಅವನ ಕುತ್ತಿಗೆಗೆ ತೋಳು ಹಾಕಿದವನು ಹಿಂದೊಮ್ಮೆ ಅವಳಿಂದಲೇ ಹಲ್ಲು ಕಳೆದುಕೊಂಡಿದ್ದ ಫಿಟ್ಟರ್. ಉಳಿದವರು ಬಿದ್ದವನ ಮೇಲೆ ತಮ್ಮ ಪಾಲು ಹಾಕಿದರು. ಜನ ಯಾವಾಗಲೂ ಹಾಗೆಯೇ.

ಕಿಡಿ ಆಸ್ಪತ್ರೆಗೆ, ಅಲ್ಲಿಂದ ಠಾಣೆಗೆ ಹೋದಳು. ಉಂಗುರದ ಬೆರಳು, ಕಿರುಬೆರಳು ಎರಡೂ ಮುರಿದಿದ್ದವು. ಹೊಡೆಯುವ ಕಸುಬಿನಲ್ಲಿ ಅಷ್ಟು ಪಳಗಿದವನು ಅವಳ ಕಸುಬನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ತಂತಿ ತಳ್ಳುವುದು ಹೆಬ್ಬೆರಳು ಮತ್ತು ತೋರುಬೆರಳು. ಕೊನೆಯ ಎರಡು ಬೆರಳು ಸುಮ್ಮನೆ ಪೈಪಿನ ಮೇಲೆ ಒರಗಿರುತ್ತವೆ.

ಒಂಬತ್ತನೆಯ ದಿನ ಅವಳು ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಪರೀಕ್ಷಕನ ಎದುರು ನಿಂತಳು. ಓರೆಯಾಗಿ ನಿಲ್ಲಿಸಿದ ಪೈಪನ್ನು ಸುತ್ತ ಬೆಸೆಯಬೇಕು. ಒರಗಿಸಲು ಬೆರಳಿಲ್ಲದ್ದರಿಂದ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು, ಪಕ್ಕೆಯಲ್ಲೂ ನೋವು. ಬೆವರು ಕವಚದೊಳಗೆ ಕಣ್ಣಿಗಿಳಿಯಿತು, ತಂತಿ ನಿಲ್ಲಲಿಲ್ಲ. ಬೆಸುಗೆ ಮುಗಿದ ಮೇಲೆ ಪರೀಕ್ಷಕ ಬೆಸೆದ ಜಾಗದಿಂದ ಒಂದು ತುಂಡು ಕತ್ತರಿಸಿ, ಯಂತ್ರದಲ್ಲಿಟ್ಟು ಬಾಗಿಸಿದ. ಕಬ್ಬಿಣ ಕುದುರೆಲಾಳದಂತೆ ಬಾಗಿತು. ಬೆಸುಗೆ ಬಿರುಕು ಬಿಡಲಿಲ್ಲ.

"ಕೈಗೆ ಏನಾಯ್ತು?" ಎಂದು ಕೇಳಿದ ಅವನು.

"ಬೀರು ಮುಚ್ಚುವಾಗ ಸಿಕ್ಕಿಕೊಳ್ತು."

ವಿಚ್ಛೇದನಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಅವಳು ಕಾರ್ಖಾನೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದಳು. ಗಂಡ ಗೇಟಿನ ಹತ್ತಿರ ಎರಡು ಸಲ ಬಂದು ಕಲ್ಲು ತೂರಿದ. ಒಂದು ಕಿಟಕಿಗೆ, ಒಂದು ಕಾವಲುಗಾರನ ಮಂಡಿಗೆ. ಎರಡನೆಯದಕ್ಕೆ ಲಾಕಪ್ಪಿನ ಒಳಗೂ ಹೋಗಿಬಂದ. ತೀರ್ಪು ಬಂದ ಐದನೆಯ ವಾರ ಅವಳು ವೀಸಾ ಅರ್ಜಿ ಹಾಕಿದಳು. ಗಂಡನ ಸಾಲಿನಲ್ಲಿ ಹತ್ತು, ಒಟ್ಟು ಎಪ್ಪತ್ತು. ಅವನು ಸುಮ್ಮನಿರುತ್ತಾನೆಯೇ? ಇವಳು ಅಂಕಕ್ಕೋಸ್ಕರ ನಾಟಕ ಮಾಡಿ ವಿಚ್ಛೇದನ ತಗೊಂಡಿದ್ದಾಳೆ ಎಂದು ಆ ದೇಶದ ಕಚೇರಿಗೆ ಕಾಗದ ಬರೆದ.

ಕಚೇರಿಯ ಅಧಿಕಾರಿಣಿ ವಿಡಿಯೋ ಸಂದರ್ಶನಕ್ಕೆ ದಿನ ಕೊಟ್ಟಳು. ಗುಮಾಸ್ತ, ಕಟ್ಟಿಸಿಕೊಂಡ ಹಲ್ಲಿನ ಹೊಸ ಉಚ್ಚಾರದಲ್ಲಿ, ಎರಡು ವಾರ ಪಾಠ ಹೇಳಿದ.

"ಅಕ್ಕಾ, ಅಂಕದ ಮಾತೇ ಎತ್ತಬೇಡ. ನಾಟಕ ಅಂತ ಅನ್ನಿಸಿದ್ರೆ ಅರ್ಜಿ ಹರಿದು ಹಾಕ್ತಾರೆ, ಮತ್ತೆಂದೂ ಕರೆಯಲ್ಲ. ಅಭಿಪ್ರಾಯಭೇದ ಇತ್ತು ಅನ್ನು."

"ಇತ್ತಪ್ಪಾ. ಅವನ ಅಭಿಪ್ರಾಯ ಎಲ್ಲಾ ನನ್ನ ಬೆನ್ನ ಮೇಲೇ ಇತ್ತು."

"ತಮಾಷೆ ಬೇಡ. ಹೊಡೀತಿದ್ದ, ಅದಕ್ಕೇ ಬಿಟ್ಟೆ ಅನ್ನು. ಎಕ್ಸ್‌ರೇ ಇದೆ, ತೀರ್ಪಿದೆ. ಅಷ್ಟು ಸಾಕು."

"ಆಯ್ತು," ಎಂದಳು.

ಸಂದರ್ಶನ ನಡೆದದ್ದು ಸುರಕ್ಷತಾ ವಿಭಾಗದ ಕಂಪ್ಯೂಟರಿನ ಎದುರು. ಗುಮಾಸ್ತ ಪರದೆಗೆ ಕಾಣದಂತೆ ಗೋಡೆಗಂಟಿ ನಿಂತಿದ್ದ. ಕೆಲಸದ ಬಗ್ಗೆ ಅರ್ಧ ಗಂಟೆ ಪ್ರಶ್ನೆಗಳಾದವು. ಎಲ್ಲಕ್ಕೂ ಕಿಡಿ ನಿಧಾನವಾಗಿ, ಅವರ ಭಾಷೆಯಲ್ಲೇ, ತಡವರಿಸದೆ ಉತ್ತರಿಸಿದಳು. ಕೊನೆಗೆ ಅಧಿಕಾರಿಣಿ ಕನ್ನಡಕ ತೆಗೆದು ಕೆಳಗಿಟ್ಟಳು.

"ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಗಂಡನನ್ನ ಬಿಟ್ಟಿದ್ದು ಈ ಹತ್ತು ಅಂಕಕ್ಕೋಸ್ಕರಾನಾ?"

ಗುಮಾಸ್ತ ಗೋಡೆಯ ಬಳಿಯಿಂದ ಎರಡು ಕೈಯನ್ನೂ ಅಡ್ಡಡ್ಡ ಆಡಿಸಿದ. ಕಿಡಿ ಅವನ ಕಡೆ ನೋಡಲಿಲ್ಲ.

"ಹೌದು," ಎಂದಳು. "ಹೊಡೀತಾನೆ ಅಂತ ಬಿಡೋ ಹಾಗಿದ್ರೆ ಎಂಟು ವರ್ಷದ ಹಿಂದೇನೇ ಬಿಡ್ತಿದ್ದೆ."