ಸಾವುಕಾರರೇ ಹೊಡೆದ ಮೊಳೆಗಳು

ಬಡಗಿ ಜಿಲಾನಿಗೆ ಸಿಟ್ಟು ಬರುವುದು ಕಡಿಮೆ. ಬಂದರೆ ಹೋಗುವುದಿಲ್ಲ, ಅಷ್ಟೇ. ಇಪ್ಪತ್ತೊಂದು ವರ್ಷದ ಹಳೆಯ ಸಿಟ್ಟೊಂದನ್ನು ಅವನು ತನ್ನ ಉಳಿಗಳ ಹಾಗೆ ಎಣ್ಣೆ ಒರೆಸಿ, ಬಟ್ಟೆ ಸುತ್ತಿ ಇಟ್ಟುಕೊಂಡಿದ್ದ. ಮರೆತುಬಿಡು ಎಂದು ಹೇಳುವವರು ಅವನಿಗೆ ಬೇಕಾದಷ್ಟು ಜನ ಸಿಕ್ಕಿದ್ದರು. ತಪ್ಪಾಯಿತು ಎಂದು ಹೇಳಬೇಕಾದ ಒಬ್ಬರು ಮಾತ್ರ ಸಿಕ್ಕಿರಲಿಲ್ಲ.

ಹೋದ ವರ್ಷ ಅವರೂ ಸಿಕ್ಕರು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಯಾರೋ ದೊಡ್ಡ ಕುಳ ಮನೆ ಕಟ್ಟಿಸುತ್ತಿದ್ದಾರೆ, ಒಳಗಿನ ಗೋಡೆಗೆಲ್ಲ ಓಕ್ ಮರದ ಹಲಗೆ ಹೊದಿಸಬೇಕು, ಗೋಡೆಯೊಳಗೇ ಕಪಾಟು ಕೂರಿಸಬೇಕು ಎಂದು ಹೈದರಾಬಾದಿನ ಗುತ್ತಿಗೆದಾರನೊಬ್ಬ ಜಿಲಾನಿಯನ್ನು ಹುಡುಕಿಕೊಂಡು ಬಂದ. ಕೂದಲೆಳೆಯಷ್ಟೂ ಸಂದು ಬಿಡದೆ ಹಲಗೆ ಕೂಡಿಸುವವನು ಊರಲ್ಲಿ ಇವನೊಬ್ಬನೇ ಎಂದು ಯಾರೋ ಹೇಳಿದ್ದರಂತೆ. ಮೂರನೇ ದಿನ ಮನೆಯೊಡೆಯರ ಕಾರು ಬಂತು. ಇಳಿದವರನ್ನು ನೋಡಿದ್ದೇ ತಡ, ಜಿಲಾನಿಯ ಕೈಯಲ್ಲಿದ್ದ ಅಳತೆಯ ಟೇಪು ಸರ್ರನೆ ಸುತ್ತಿಕೊಂಡು ಒಳಗೆ ಹೋಯಿತು. ಸಿರುಗುಪ್ಪದ ರೈಸ್ ಮಿಲ್ಲಿನ ವಿರೂಪಾಕ್ಷಿ ಸಾವುಕಾರರು!

"ಮೇಸ್ತ್ರಿ, ಕೆಲಸ ಛಲೋ ಆಗ್ಬೇಕು ನೋಡು. ಬಂದವ್ರು ಬಾಯಿ ತೆಗದು ನಿಂದ್ರಬೇಕು," ಎಂದರು ಸಾವುಕಾರರು.

"ಆಗ್ತೈತ್ರಿ," ಎಂದ ಜಿಲಾನಿ.

ಅವರು ಹೆಸರು ಕೇಳಲಿಲ್ಲ. ಮುಖವನ್ನೂ ಸರಿಯಾಗಿ ನೋಡಲಿಲ್ಲ. ಒಬ್ಬನ ಬಾಳನ್ನೇ ಹಾಳು ಮಾಡಿ, ಆಮೇಲೆ ಅವನ ಗುರುತೂ ಸಿಗದಷ್ಟು ಆರಾಮಾಗಿ ಇರುವುದಿದೆಯಲ್ಲ, ಅದು ಜಿಲಾನಿಯ ಹಳೇ ಸಿಟ್ಟಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿತು.

ಆಗಿದ್ದು ಇಷ್ಟು. ಜಿಲಾನಿಗೆ ಆಗ ಇಪ್ಪತ್ತೊಂದು. ಅವನ ಅಪ್ಪ ಪೀರಾಸಾಬ ಸಿರುಗುಪ್ಪದಲ್ಲಿ ಹೆಸರಾದ ಬಡಗಿ. ಸಾವುಕಾರರ ಹಳೇ ಮನೆಗೆ ಅಪ್ಪ ಮಗ ಇಬ್ಬರೂ ಸೇರಿ ಸಾಗುವಾನಿಯ ಹೆಬ್ಬಾಗಿಲು ಮಾಡುತ್ತಿದ್ದರು. ಒಂದು ಬೆಳಿಗ್ಗೆ ನಾಲ್ಕು ಹಲಗೆ ಕಾಣಲಿಲ್ಲ. ಸಾವುಕಾರರು ವಿಚಾರಿಸಲಿಲ್ಲ, ಒಂದು ದಿನ ತಾಳಲೂ ಇಲ್ಲ. ಮಿಲ್ಲಿನ ಮುಂದೆ ಭತ್ತ ಒಣಗಿಸುವ ಕಣದಲ್ಲಿ ಕೂಲಿಯವರನ್ನೆಲ್ಲ ಸೇರಿಸಿ, ಪೀರಾಸಾಬನ ಚೀಲ ಬೋರಲು ಸುರಿಸಿ, "ಮರಗಳ್ಳರಲೇ ಇವ್ರು, ಅಪ್ಪ ಮಗ ಇಬ್ರೂ" ಎಂದು ಕೂಗಿದರು. ಮರ ಕೆತ್ತುವ, ಪೀರಾಸಾಬನ ತಾತನ ಕಾಲದ ಬಾಚಿಯನ್ನು ಕಾಲುವೆಗೆ ಎಸೆಸಿದರು. ಬಡಗಿಯನ್ನು ಸೋಮಾರಿ ಎನ್ನಿ, ಮೊಂಡ ಎನ್ನಿ, ನಕ್ಕು ಸುಮ್ಮನಾಗುತ್ತಾನೆ. ಮರಗಳ್ಳ ಎಂದರೆ ಮುಗಿಯಿತು. ಮರುದಿನದಿಂದ ಸಿರುಗುಪ್ಪದಲ್ಲಿ ಅವರಿಗೆ ಒಂದು ಮಣೆ ಮಾಡಿಕೊಡಿ ಎಂದು ಹೇಳುವವರೂ ಇಲ್ಲವಾದರು.

ಹಲಗೆಗಳನ್ನು ಗಾಡಿಗೆ ಹೇರಿಸಿಕೊಂಡು ಹೋದವನು ಸಾವುಕಾರರ ಹೆಂಡತಿಯ ತಮ್ಮ ರಂಗಣ್ಣ. ಹೇರುವುದನ್ನು ಮಿಲ್ಲಿನ ಗುಮಾಸ್ತ ಅಯ್ಯಣ್ಣ ಕಣ್ಣಾರೆ ಕಂಡಿದ್ದ. ಕಣದಲ್ಲಿ ಅವನೂ ನಿಂತಿದ್ದ, ತನ್ನ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ. ಬಾಯಿ ಮಾತ್ರ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತನ್ನು ಕಟ್ಟಿದವರು ಸಿರುಗುಪ್ಪದವರೇ ಇರಬೇಕು.

ಸಂಸಾರ ಕುರುಗೋಡಿಗೆ ಬಂತು. ಎರಡು ವರ್ಷದ ಮೇಲೆ ರೂಪನಗುಡಿಯಲ್ಲಿ ರಂಗಣ್ಣನ ಪಕ್ಕದ ಮನೆಗೆ ಕಿಟಕಿ ಕೂರಿಸಲು ಹೋದ ಜಿಲಾನಿ ರಂಗಣ್ಣನ ಪಡಸಾಲೆಯ ತೂಗುಮಂಚ ನೋಡಿದ. ಸಾಗುವಾನಿಯದು. ಬಗ್ಗಿ ನೋಡಿದರೆ ಹಲಗೆಯ ಅಡಿಯಲ್ಲಿ ಅಪ್ಪ ಉಳಿಯಿಂದ ಕಚ್ಚು ಹಾಕಿದ ಗುರುತು, ಒಂದು, ಎರಡು, ಮೂರು, ನಾಲ್ಕು. ಹೋದ ಹಬ್ಬಕ್ಕೆ ಆ ಮಂಚದ ಮೇಲೆ ಕೂತು ಸಾವುಕಾರರು ಹೋಳಿಗೆ ತಿಂದಿದ್ದರೆಂದು ಪಕ್ಕದ ಮನೆಯವರು ಹೇಳಿದರು. ಹಲಗೆ ಎಲ್ಲಿಯದೆಂದು ಅವರಿಗೆ ಗೊತ್ತಾಗಿತ್ತು, ರಂಗಣ್ಣನೇ ನಗುತ್ತ ಅವರಿಗೆ ಹೇಳಿದ್ದ. ಆದರೂ ಕಣದಲ್ಲಿ ಕೂಗಿದ್ದನ್ನು ಅದೇ ಕಣದಲ್ಲಿ ವಾಪಸು ತೆಗೆದುಕೊಳ್ಳುವ ಮನಸ್ಸು ಆ ದೊಡ್ಡ ಮನುಷ್ಯರಿಗೆ ಬರಲಿಲ್ಲ.

ಪೀರಾಸಾಬ ಕುರುಗೋಡಿನಲ್ಲಿ ಹದಿಮೂರು ವರ್ಷ ಬದುಕಿದ. ಸಿರುಗುಪ್ಪದ ಕಡೆಯಿಂದ ಯಾರೇ ಬರಲಿ, ನೀರು ಕೊಟ್ಟು ಕೂರಿಸಿ ಒಂದೇ ಮಾತು ಕೇಳುತ್ತಿದ್ದ: "ಮಿಲ್ಲಿನ ಸಾವುಕಾರ ಏನರ ಅಂದ್ರೇನು?" ಬಂದವರು ತಲೆ ತಗ್ಗಿಸುತ್ತಿದ್ದರು. ಸಾಯುವ ದಿನವೂ ಮಗನನ್ನು ಅದನ್ನೇ ಕೇಳಿದ. ಇಲ್ಲ ಎಂದು ಹೇಳಲಾರದೆ ಜಿಲಾನಿ ಎದ್ದು ಹೊರಗೆ ಹೋಗಿದ್ದ. ಆ ಪ್ರಶ್ನೆ ಅಪ್ಪನ ಜೊತೆ ಮಣ್ಣಿಗೆ ಹೋಗಲಿಲ್ಲ, ಮುಂದೆ ಬಳ್ಳಾರಿಗೆ ಬಂದು ನೆಲೆಸಿದ ಮಗನ ಹತ್ತಿರ ಉಳಿಯಿತು.

ಈಗ ನೋಡಿ, ಅದೇ ಸಾವುಕಾರರ ಗೋಡೆ ಅವನ ಕೈಯಲ್ಲಿ. ಅಂಟು ಕಡಿಮೆ ಹಾಕಬಹುದಿತ್ತು. ಹಸಿ ಹಲಗೆ ಸೇರಿಸಬಹುದಿತ್ತು, ಬೇಸಿಗೆಗೆ ತಾನೇ ಸೀಳುತ್ತಿತ್ತು. ಜಿಲಾನಿ ಅದೊಂದನ್ನೂ ಮಾಡಲಿಲ್ಲ. ಕೆಲಸ ಕೆಡಿಸಿದರೆ ಅವತ್ತು ಅವರು ಕೂಗಿದ್ದನ್ನು ಇವತ್ತು ತಾನೇ ನಿಜ ಮಾಡಿದ ಹಾಗೆ. ಏಳು ತಿಂಗಳು ಅವನು ಮಾಡಿದ ಕೆಲಸ ಹೇಗಿತ್ತೆಂದರೆ, ಎಲ್ಲಿ ಗೋಡೆ ಮುಗಿದು ಎಲ್ಲಿ ಕಪಾಟು ಶುರುವಾಯಿತೆಂಬುದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ವಾರ್ನಿಷ್ ಬೇಡ, ಮರ ಮರದ ಹಾಗೇ ಕಾಣಲಿ ಎಂದು ಸಾವುಕಾರರು ಹೇಳಿದ್ದರಿಂದ ಬರೀ ಎಣ್ಣೆ ತಿಕ್ಕಿ ಜೇನಿನ ಬಣ್ಣ ತಂದಿದ್ದ.

ಓಕ್ ಮರಕ್ಕೊಂದು ಗುಣವಿದೆ. ಜಿಲಾನಿಗೆ ಅದು ಮೊದಲ ವಾರವೇ ಗೊತ್ತಾಯಿತು. ಹಲಗೆ ಬಿಗಿಯುವ ಕಬ್ಬಿಣದ ಶಿಕಂಜವನ್ನು ಬೆವರಿನ ಕೈಯಲ್ಲಿ ಹಿಡಿದು ಒಂದು ತುಂಡಿನ ಮೇಲೆ ಬಿಟ್ಟುಬಂದಿದ್ದ, ಮರುದಿನ ಅಲ್ಲಿ ಮಸಿ ಬಳಿದಂಥ ಪಟ್ಟೆ. ಗುತ್ತಿಗೆದಾರ ತಲೆ ಚಚ್ಚಿಕೊಂಡು, ಈ ಮರಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ, ನಡುವೆ ನೀರು ಸೇರಿದರೆ ಮುಗಿಯಿತು ಎಂದು ಹೇಳಿ ಎಲ್ಲಕ್ಕೂ ಹಿತ್ತಾಳೆಯ ಸ್ಕ್ರೂ ತರಿಸಿದ. ಆ ತುಂಡನ್ನು ಜಿಲಾನಿ ಮನೆಗೆ ಒಯ್ದ. ಹೆಂಡತಿ ಖುಷ್ಬೂ ಜೀನ್ಸ್ ಪ್ಯಾಂಟು ತೊಳೆಯುವ ಕಾರ್ಖಾನೆಯಲ್ಲಿ ಕೆಲಸದವಳು. ಬಟ್ಟೆಯ ತುಕ್ಕಿನ ಕಲೆ ತೆಗೆಯುವ ಬಿಳಿ ಪುಡಿಯನ್ನು ಬಿಸಿನೀರಿಗೆ ಹಾಕಿ ತುಂಡಿನ ಮೇಲೆ ತಿಕ್ಕಿದಳು. ಮಸಿ ಮಾಯ.

"ನಮ್ಮ ಜೀನ್ಸಿನ ಕಲಿ ಬಿಡಿಸೋ ಪುಡಿಗೆ ನಿಮ್ಮ ಮರದ ಕಲಿ ಬಗ್ಗಂಗಿಲ್ಲೇನ್ರಿ?" ಎಂದು ನಕ್ಕಳು. ಜಿಲಾನಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಚೀಲಕ್ಕೆ ಹಾಕಿಕೊಂಡ.

ಗೃಹಪ್ರವೇಶಕ್ಕೆ ಒಂದು ವಾರವಿದೆ ಎನ್ನುವಾಗ, ಗುತ್ತಿಗೆದಾರ ಊರಿಗೆ ಹೋಗಿದ್ದ ದಿನ, ಸಾವುಕಾರರ ಜೊತೆ ಅವರ ತಾಯಿ ಸಾವಂತ್ರಮ್ಮ ಬಂದರು. ಎಂಬತ್ತು ದಾಟಿದ ಮುದುಕಿ. ಸೆರಗಿನಲ್ಲಿ ಮಂತ್ರಿಸಿ ತಂದ ನಾಲ್ಕು ಕಬ್ಬಿಣದ ಮೊಳೆ, ಒಂದು ಕುದುರೆ ಲಾಳ. ದೊಡ್ಡ ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಮೊಳೆ, ಹೆಬ್ಬಾಗಿಲ ಮೇಲಿನ ಹಲಗೆಗೆ ಲಾಳ. ದೃಷ್ಟಿ ತಾಗಬಾರದೆಂದು ಅವರ ಮನೆತನದಲ್ಲಿ ನಡೆದುಬಂದ ಪದ್ಧತಿ. ಮನೆಯ ಹಿರೇ ಮಗನೇ ಹೊಡೆಯಬೇಕು, ಗೃಹಪ್ರವೇಶವಾದ ಮೇಲೆ ಒಂಬತ್ತು ದಿನ ಅದಕ್ಕೆ ನೀರು ಹಾಕಿ ಕುಂಕುಮ ಹಚ್ಚಬೇಕು.

"ಏನಪಾ ಮೇಸ್ತ್ರಿ, ಇದರ ಮ್ಯಾಲ ಮೊಳಿ ಹೊಡಿಬೌದಲ್ಲ?" ಎಂದು ಮುದುಕಿ ಕೇಳಿದರು.

ಬ್ಯಾಡ್ರಿ ಅಮ್ಮಾರ ಎಂಬ ಮಾತು ಜಿಲಾನಿಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನಿಗೆ ಅಯ್ಯಣ್ಣನ ಪೆನ್ನಿನ ಮುಚ್ಚಳ ನೆನಪಾಯಿತು. ಗೊತ್ತಿದ್ದೂ ಸುಮ್ಮನಿರುವುದು ಹೇಗೆಂದು ಈ ಮನೆಯವರೇ ಅಲ್ಲವೇ ಕಲಿಸಿದ್ದು?

"ಮನಿ ನಿಮ್ದು, ಮೊಳಿ ನಿಮ್ದು ಅಮ್ಮಾರ. ಬ್ಯಾಡನ್ನಾಕ ನಾನ್ಯಾರು?" ಎಂದ. ಎಂದವನೇ ತನ್ನ ಸುತ್ತಿಗೆಯನ್ನು ಒರೆಸಿ ಸಾವುಕಾರರ ಕೈಗೆ ಕೊಟ್ಟ. ಅವರು ಒಂದೊಂದೇ ಮೂಲೆಗೆ ಹೋಗಿ ಠಣ್ ಠಣ್ ಎಂದು ಹೊಡೆದರು. ಒಂದೊಂದು ಏಟಿಗೂ ಜಿಲಾನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವತ್ತು ಮನೆಗೆ ಹೋಗುವಾಗ ಮೋತಿ ವೃತ್ತದಲ್ಲಿ ನಿಂತು ಎರಡು ಪ್ಲೇಟು ಮಿರ್ಚಿ ತಿಂದ.

ಗೃಹಪ್ರವೇಶ ಜೋರಾಗಿ ನಡೆಯಿತು. ಮುದುಕಿ ದಿನಾ ಬೆಳಿಗ್ಗೆ ಮಡಿಯಲ್ಲಿ ತಂಬಿಗೆ ಹಿಡಿದು ಐದೂ ಕಡೆ ನೀರು ಹಾಕಿದರು. ನಾಲ್ಕನೇ ದಿನ ಮೊಳೆಯ ಸುತ್ತ ಕಪ್ಪಾಯಿತು. ಆರನೇ ದಿನ ಕಪ್ಪು ಕೆಳಗೆ ಇಳಿಯಿತು. ಒಂಬತ್ತನೇ ದಿನ ಲಾಳದ ಎರಡೂ ತುದಿಯಿಂದ ಕಾಡಿಗೆ ಕಣ್ಣೀರು ಸುರಿದಂತೆ ಎರಡು ಗೆರೆ, ಹೆಬ್ಬಾಗಿಲ ಚೌಕಟ್ಟಿನವರೆಗೆ. ದೃಷ್ಟಿಗೆಂದು ಹೊಡೆದ ಮೊಳೆಯೇ ಮನೆಗೆ ದೃಷ್ಟಿಯಾಯಿತು. ಸಾವಂತ್ರಮ್ಮ ಈ ಮನೆಯಲ್ಲಿ ತೊಟ್ಟು ನೀರೂ ಕುಡಿಯುವುದಿಲ್ಲ ಎಂದು ಹೊರಗಿನ ವರಾಂಡದಲ್ಲಿ ಕೂತುಬಿಟ್ಟರು. ಮೊಳೆ ಕಿತ್ತರು, ಕಲೆ ಉಳಿಯಿತು. ಉಪ್ಪುಕಾಗದ ಹಾಕಿ ತಿಕ್ಕಿಸಿದರು, ಇನ್ನಷ್ಟು ಹರಡಿತು. ಮುಂದಿನ ವಾರ ಸಾವುಕಾರರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೊಸ ಹಲಗೆ ಬರಲು ಮೂರು ತಿಂಗಳು ಬೇಕು ಎಂದು ಗುತ್ತಿಗೆದಾರ ಫೋನಿನಲ್ಲಿ ಕೈ ಎತ್ತಿದ. ಮೇಸ್ತ್ರಿಯನ್ನು ಕರೆಸಿದರು.

ಜಿಲಾನಿ ಬಂದ, ನೋಡಿದ. "ಹೋಗ್ತೈತ್ರಿ. ನಾ ತೆಗೀತೀನಿ," ಎಂದ.

"ಎಷ್ಟು ಬೇಕು ಹೇಳು."

"ರೊಕ್ಕ ಬ್ಯಾಡ್ರಿ. ನೀವು ಸಿರುಗುಪ್ಪಕ್ಕ ಬರ್ಬೇಕು. ಮಿಲ್ಲಿನ ಕಣದಾಗ ಜನರ ಮುಂದ ನಿಂತು, ಪೀರಾಸಾಬ ಮರಗಳ್ಳ ಅಲ್ಲ, ಅವನ ಮಗ ಜಿಲಾನಿ ಮರಗಳ್ಳ ಅಲ್ಲ, ಹಲಗಿ ಒಯ್ದಾಂವ ನನ್ನ ಹೇಂತಿ ತಮ್ಮ ರಂಗಣ್ಣ ಅಂತ ಹೇಳ್ಬೇಕು. ನಾನ ಆ ಜಿಲಾನಿ ಅದೀನ್ರಿ."

ಸಾವುಕಾರರು ಅವನ ಮುಖವನ್ನು ಅವತ್ತು ಮೊದಲ ಸಲ ನೋಡಿದರು. ಮುಖ ಕೆಂಪಾಯಿತು. "ಲೇ! ನನ್ನ ಮನ್ಯಾಗ ನಿಂತು ನನಗ ಹೇಳ್ತೀಯೇನಲೇ? ನಡಿ ಹೊರಗ!"

"ಹೋಗ್ತೀನ್ರಿ. ಕಲಿ ನಿಮ್ಮ ಹತ್ರ ಇರ್ಲಿ," ಎಂದು ಜಿಲಾನಿ ಚೀಲ ಎತ್ತಿಕೊಂಡ. ವರಾಂಡದಲ್ಲಿ ಕೂತಿದ್ದ ಸಾವಂತ್ರಮ್ಮ ಕೋಲು ಅಡ್ಡ ಇಟ್ಟರು.

"ನಿಂದ್ರಪಾ," ಎಂದು ಹೇಳಿ ಮಗನ ಕಡೆ ತಿರುಗಿದರು. "ಬೀಗರ ಮನಿ ತೂಗುಮಂಚದಾಗ ನಾನೂ ಕುಂತೀನಿ, ವಿರೂಪಾಕ್ಷಿ. ನನಗೂ ಗೊತ್ತಿತ್ತು. ಇದು ಯಾರ ದೃಷ್ಟಿ ಅಂತ ಈಗ ತಿಳೀತು. ಹೇಳಿ ಬಾ ಹೋಗು. ಇಲ್ಲಂದ್ರ ನನ್ನ ಹೆಣ ಈ ಮನಿಗೆ ತರಬ್ಯಾಡ."

ಶುಕ್ರವಾರ ಹತ್ತು ಗಂಟೆಗೆ ಮಿಲ್ಲಿನ ಕಣ. ಭತ್ತ ಹರಡುತ್ತಿದ್ದ ಕೂಲಿಯವರು, ಲಾರಿಯವರು, ರಸ್ತೆಯ ಚಹಾದಂಗಡಿಯವರು. ಮುಪ್ಪಾದ ಅಯ್ಯಣ್ಣನೂ ಕುರ್ಚಿ ಬಿಟ್ಟು ಬಾಗಿಲಿಗೆ ಬಂದಿದ್ದ. ಜಿಲಾನಿ ಕುರುಗೋಡಿನಿಂದ ತಾಯಿ ಮಾಸುಮಾಬಿಯನ್ನು ಬಸ್ಸಿನಲ್ಲಿ ಕರೆತಂದಿದ್ದ. ಸಾವುಕಾರರು ನೆಲ ನೋಡುತ್ತ, ಗಡಿಬಿಡಿಯಲ್ಲಿ ಹೇಳಿ ಮುಗಿಸಿದರು.

"ಕೇಳಿಸ್ಲಿಲ್ರಿ," ಎಂದ ಜಿಲಾನಿ.

ಸಾವುಕಾರರು ಇನ್ನೊಮ್ಮೆ ಹೇಳಿದರು.

"ಲಾರಿಯವ್ರಿಗೆ ಕೇಳಿಸ್ಲಿಲ್ರಿ. ಅವತ್ತು ಕಾಲುವಿ ತನಕ ಕೇಳಿಸಿತ್ತು."

ಮೂರನೇ ಸಲ ಕೂಗಿಯೇ ಹೇಳಿದರು. ಪೀರಾಸಾಬ ಕಳ್ಳ ಅಲ್ಲ ಎಂಬುದು ಮಿಲ್ಲಿನ ತಗಡಿಗೆ ಬಡಿದು ವಾಪಸು ಬಂತು. ಅಯ್ಯಣ್ಣ ಒಳಗೆ ಹೋಗಿ ಕೂತ. ಮಗ ಗೆದ್ದ ಎಂದು ಮಾಸುಮಾಬಿ ಅಳಲಿಲ್ಲ, ನಗಲೂ ಇಲ್ಲ. ಕಾಲುವೆಯ ಕಡೆ ನೋಡುತ್ತ ಒಂದೇ ಮಾತು ಅಂದಳು.

"ಎಂಟು ವರ್ಷ ತಡ ಆತಪಾ."

ಬರುವ ದಾರಿಯುದ್ದಕ್ಕೂ ಆ ಮಾತು ಜಿಲಾನಿಯ ಎದೆಯಲ್ಲಿ ಕೂತಿತ್ತು. ಹೌದಲ್ಲ, ಕೇಳಬೇಕಾದವನು ಕೇಳದೇ ಹೋದ. ಸಂಜೆಯೊಳಗೆ ಆರಿಹೋಗುತ್ತದೆ ಎಂದುಕೊಂಡಿದ್ದ ಸಿಟ್ಟು ಆರಲಿಲ್ಲ.

ಮರುದಿನ ಕಂಟೋನ್ಮೆಂಟಿಗೆ ಹೋಗಿ ಬಿಸಿನೀರು ಕೇಳಿದ. ಪುಡಿ ಕಲಸಿ, ಹತ್ತಿ ಬಟ್ಟೆ ಅದ್ದಿ, ಒಂದು ಮೂಲೆ ತಿಕ್ಕಿದ. ಕಪ್ಪು ಬೂದಿಯಾಯಿತು, ಬೂದಿ ಹೋಗಿ ಮರದ ಬಣ್ಣ ಬಂತು. ಸಾವಂತ್ರಮ್ಮ ಕೈ ಮುಗಿದರು. ಎರಡನೇದೂ ಹೋಯಿತು, ಮೂರನೇದೂ, ನಾಲ್ಕನೇದೂ. ತೂತು ಮುಚ್ಚಿ ಎಣ್ಣೆ ತಿಕ್ಕಿದ ಮೇಲೆ ಮೊಳೆ ಎಲ್ಲಿತ್ತೆಂದು ಹುಡುಕಬೇಕು, ಅಂಥ ಕೆಲಸ. ಆಮೇಲೆ ಏಣಿ ಹಾಕಿ ಹೆಬ್ಬಾಗಿಲ ಮೇಲಿನ ಕಲೆಯ ಹತ್ತಿರ ಹತ್ತಿದ. ಬಟ್ಟೆಯನ್ನು ಬರೀ ನೀರಿಗೆ ಅದ್ದಿ ಬಹಳ ಹೊತ್ತು ತಿಕ್ಕಿದ. ಇಳಿದು ಬಂದ.

"ಇದು ಹೋಗಂಗಿಲ್ರಿ," ಎಂದ.

"ನಾಕು ಹೋದ್ವಲ್ಲೋ?" ಸಾವುಕಾರರ ಧ್ವನಿ ಸಣ್ಣಗಾಗಿತ್ತು. "ಇದ್ಯಾಕ ಹೋಗಂಗಿಲ್ಲ ಜಿಲಾನಿ?"

ಹೆಸರು ಹಿಡಿದು ಕರೆದಿದ್ದರು. ಜಿಲಾನಿಗೆ ಅದು ಕೇಳಿಸಿತು.

"ಭಾಳ ಒಳಗ ಇಳದೈತ್ರಿ. ಟೈಮಿಗೆ ತೆಗೀಬೇಕಿತ್ತು, ಈಗ ತಡ ಆತು."

ಉಳಿದ ಅರ್ಧ ಪೊಟ್ಟಣ ಚೀಲದಲ್ಲೇ ಇತ್ತು. ಕಸುಬಿನಲ್ಲಿ ಜಿಲಾನಿ ಹೇಳಿದ ಮೊದಲ ಸುಳ್ಳು ಅದು. ಆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವನು ಹೆಬ್ಬಾಗಿಲಿನಿಂದಲೇ ಹೊರಗೆ ಬಂದು ಕುರುಗೋಡಿನ ಬಸ್ಸು ಹತ್ತಿದ. ಅಪ್ಪನ ಗೋರಿಯ ಹತ್ತಿರ ಕೂತು, ಸಾವುಕಾರರು ಏನಂದರು ಎಂಬುದನ್ನು ಒಂದಕ್ಷರ ಬಿಡದೆ ಹೇಳಿದ. ಕಲೆಯ ವಿಷಯವನ್ನೂ ಹೇಳಿದ.