ಅಕ್ಕನ ಇಲಿಗಳೂ ಭಾವನ ಉಸಿರೂ

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ಇಲಿಯಕ್ಕ. ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವ ಕೆಲಸ ಅವಳದು. ನೋಡಿಕೊಳ್ಳುವುದೆಂದರೆ ನೀರಿಟ್ಟು ಪಂಜರ ತೊಳೆಯುವುದಷ್ಟೇ ಅಲ್ಲ. ದಿನಾ ಒಂದೊಂದೇ ಇಲಿಯನ್ನು ಬಿಗಿಯಾದ ಕೊಳವೆಗೆ ತೂರಿಸಿ, ಮೂತಿ ಮಾತ್ರ ಹೊರಗಿರುವಂತೆ ಯಂತ್ರಕ್ಕೆ ಸಿಕ್ಕಿಸಬೇಕು. ಯಂತ್ರ ಅದರ ಮೂಗಿಗೆ ನಾರಿನ ಧೂಳು ಊದುತ್ತದೆ. ಹೋಲಿಸಿ ನೋಡಲು ಒಂದು ಗುಂಪಿಗೆ ಬರೀ ಗಾಳಿ. ಕ್ಯಾನ್ಸರ್ ಬರುತ್ತದೋ ಇಲ್ಲವೋ ತಿಳಿಯಲು ಇಲಿಯ ಆಯಸ್ಸು ಪೂರ್ತಿ, ಅಂದರೆ ಎರಡು ವರ್ಷ, ಕಾಯಬೇಕು.

“ಮೊದಮೊದಲು ಕಚ್ತಾವೆ, ಪರಚ್ತಾವೆ ಕಣೇ,” ಎಂದು ನನಗೆ ಹೇಳುತ್ತಿದ್ದಳು. “ಆಮೇಲೆ ಕೊಳವೆ ಹಿಡಿದ್ರೆ ಸಾಕು, ತಾವೇ ನುಗ್ತಾವೆ. ಅದನ್ನೇ ನೋಡೋಕಾಗಲ್ಲ.”

ಆ ನಾರು ಬರುತ್ತಿದ್ದುದು ನಮ್ಮ ಭಾವ ದುಡಿಯುವ ಕಾರ್ಖಾನೆಯಿಂದ. ಅಲ್ಲಿ ಕಲ್ಲು ಕರಗಿಸಿ ಹತ್ತಿಯಂಥ ಎಳೆ ತೆಗೆದು, ಬಿಸಿ ಹೊರಹೋಗದಂತೆ ಕುಲುಮೆಗಳಿಗೆ ಹೊದಿಸುವ ಹಾಸು ಮಾಡುತ್ತಾರೆ. ಭಾವ ಅದನ್ನು ಕತ್ತರಿಸುವವರು. ಸಂಜೆ ಬಂದರೆ ಹುಬ್ಬೆಲ್ಲ ಬೆಳ್ಳಗೆ. ಮನೆಯೂ ಕಾರ್ಖಾನೆಯದೇ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಬಿಟ್ಟರೆ ಬಿಡಲಿ, ಗಂಡನನ್ನು ಆ ಧೂಳಿನಿಂದ ಹೊರಗೆ ತರಬೇಕು ಎಂಬುದೊಂದೇ ಅಕ್ಕನ ಹಠ.

ಭಾವ ಬಾಗಿಲಲ್ಲೇ ಕೇಳುತ್ತಿದ್ದರು: “ನಿನ್ನ ಇಲಿಗಳು ಹೇಗಿವೆ?”

“ಚೆನ್ನಾಗಿವೆ.”

“ಮತ್ತೆ? ಅಂಗೈಯಗಲದ ಪ್ರಾಣಿಗೇ ಏನೂ ಆಗಿಲ್ಲ, ನನಗೇನಾಗುತ್ತೆ?”

ಅಷ್ಟು ಹೇಳಿ ಕೆಮ್ಮುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಅಕ್ಕ ಸುಳ್ಳು ಹೇಳಿದಳು. ಅಭ್ಯಾಸವಿಲ್ಲದವಳು, ಒಲೆಯ ಕಡೆ ತಿರುಗಿಕೊಂಡೇ ಅಂದಳು. “ನಾರಿನ ಗುಂಪಲ್ಲಿ ಒಂದಕ್ಕೆ ಗೆಡ್ಡೆ ಬಂದಿದೆ ರೀ.”

ಭಾವ ಹುಬ್ಬಿನ ಧೂಳು ಒರೆಸಿಕೊಂಡರು. “ಬರೀ ಗಾಳಿ ಕುಡಿಯೋವಕ್ಕೂ ವಯಸ್ಸಾದ್ರೆ ಗೆಡ್ಡೆ ಬರುತ್ತೆ, ಎಲ್ಲಾ ಕೊಯ್ದು ನೋಡೋವರೆಗೂ ಏನೂ ಹೇಳೋಕಾಗಲ್ಲ ಅಂತ ನೀನೇ ಅಲ್ವಾ ಹೇಳಿದ್ದು?”

ಅಕ್ಕ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಯಿತು.

ಎರಡು ವರ್ಷ ಮುಗಿಯಿತು. ಇಲಿಗಳನ್ನು ಕೊಯ್ದು ಶ್ವಾಸಕೋಶ ಪರೀಕ್ಷಿಸಿದರು. ನಾರು ಉಸಿರಾಡಿದವಕ್ಕೆ ಗೆಡ್ಡೆ ಬಹಳ ಹೆಚ್ಚು ಎಂದು ಪ್ರಯೋಗಾಲಯದ ಡಾಕ್ಟರಮ್ಮನೇ ಹೇಳಿದರಂತೆ. ಅಕ್ಕ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಗಂಡನ ಮುಖ ನೋಡಿಕೊಂಡೇ ಅದನ್ನು ಹೇಳಿದಳು. ಭಾವ ಆ ವಾರದ ಮಧ್ಯಾಹ್ನದ ಪಾಳಿಗೆ ಹೊರಟಿದ್ದರು.

“ಅದು ಇಲಿ ಕಣೇ,” ಎಂದು ನಕ್ಕರು. “ಇಲಿಗೂ ಮನುಷ್ಯಂಗೂ ಎಲ್ಲಿಂದೆಲ್ಲಿಯ ಹೋಲಿಕೆ?”

ಎರಡು ವರ್ಷ ಇಲಿಗಳ ಕ್ಷೇಮವನ್ನೇ ತನ್ನ ಕ್ಷೇಮ ಅಂದುಕೊಂಡಿದ್ದ ಮನುಷ್ಯ! ನಾನು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ನಗು ಇಳಿದಿತ್ತು.

“ಬಿಟ್ಟು ಎಲ್ಲಿಗೆ ಹೋಗ್ಲಿ, ನೀನೇ ಹೇಳು.”

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಭಾವ ಅವಳನ್ನು ಮೆಲ್ಲಗೆ ಸರಿಸಿ, ಕೊರಳವರೆಗೂ ಗುಂಡಿ ಹಾಕಿಕೊಂಡು ಹೊರಟರು. ಎದುರಿಗೇ ಕಾರ್ಖಾನೆಯ ಗೇಟು, ಒಬ್ಬೊಬ್ಬರೇ ತೂರಬೇಕಾದಷ್ಟು ಕಿರಿದು. ಭಾವ ಒಳಗೆ ಹೋಗುವವರೆಗೂ ಅಕ್ಕ ನೋಡುತ್ತಿದ್ದಳು.

“ಯಾರೂ ತಳ್ಳಲಿಲ್ಲ ಕಣೇ,” ಎಂದಳು.